ಅಳತೆಯಮ್ಮ ಸರಿಸಿದ ಗೆರೆ

ನನ್ನ ನಾದಿನಿಯನ್ನು ಎಲ್ಲರೂ ಅಳತೆಯಮ್ಮ ಎಂದೇ ಕರೆಯುತ್ತಾರೆ. ಅವಳು ನನ್ನ ಗಂಡನ ತಂಗಿ. ಐವತ್ತೆಂಟು ವರ್ಷ; ನನಗಿಂತ ಹತ್ತು ವರ್ಷ ಚಿಕ್ಕವಳು. ಮದುವೆ ಆಗಲಿಲ್ಲ. ಯಾಕೆ ಎಂದು ಕೆದಕಿದವರಿಗೆ, "ಎಷ್ಟು ಟೇಪು ಹಿಡಿದ್ರೂ ನನ್ನ ಅಳತೆಗೆ ಯಾರೂ ಕೂರಲಿಲ್ಲ" ಎಂದು ಹೇಳಿ ಬಾಯಿ ಮುಚ್ಚಿಸುತ್ತಾಳೆ. ನನ್ನ ಗಂಡ ದರ್ಜಿಯಾಗಿದ್ದರು. ಅವರ ಕತ್ತರಿಯ ಪಕ್ಕ ಕೂತು ಕೂತೇ ಇವಳು ಕೆಲಸ ಕಲಿತದ್ದು. ಎದುರಿಗೆ ನಿಂತವರ ಭುಜದ ಅಗಲವನ್ನು ಟೇಪು ಹಿಡಿಯದೆಯೇ ಹೇಳುತ್ತಿದ್ದಳು. ಆಮೇಲೆ ಅಣ್ಣ ಟೇಪು ಹಿಡಿದು ನೋಡಿದರೆ ಅರ್ಧ ಬೆರಳೂ ಆಚೀಚೆ ಆಗುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಗಟ್ಟಿ ಗುಂಡಿಗೆಯವಳು. ಒಮ್ಮೆ ಕತ್ತರಿ ಅಂಗೈಗೆ ಇಳಿದಾಗ ತುಂಡು ಬಟ್ಟೆ ಸುತ್ತಿಕೊಂಡು, ಉಳಿದ ನಾಲ್ಕು ತೋಳುಗಳನ್ನು ಕತ್ತರಿಸಿ ಮುಗಿಸಿಯೇ ಆಸ್ಪತ್ರೆಗೆ ಹೋದಳು. ನನ್ನ ಗಂಡ ತೀರಿಕೊಂಡ ದಿನ ಮನೆಯಲ್ಲಿ ಕೈಕಾಲು ಆಡುತ್ತಿದ್ದದ್ದು ಅವಳೊಬ್ಬಳಿಗೇ. ಅಂಥವಳು ಒಂದು ಗಾಜಿನ ಪರದೆಗೆ ಹೆದರಿದಳು. ಆ ಹೆದರಿಕೆ ಯಾವ ದಾರಿ ಹಿಡಿದು ಎಲ್ಲಿಗೆ ಹೋಯಿತು ಎನ್ನುವುದನ್ನೇ ಬರೆಯುತ್ತಿದ್ದೇನೆ. ನನಗೆ ಅಕ್ಷರ ನಿಧಾನ. ಅಂಕಿ ಮಾತ್ರ ಮೊದಲಿನಿಂದಲೂ ಚುರುಕು. ಹಾಗಾಗಿ ಇಲ್ಲಿ ಬರುವ ಅಂಕಿಗಳನ್ನು ನಂಬಬಹುದು.

ನಾವಿಬ್ಬರೂ ಕೆಲಸ ಮಾಡುವುದು ಮಕ್ಕಳ ಸೀಟು ತಯಾರಿಸುವ ಕಡೆ. ಅಂಗಡಿಯಲ್ಲಿ ಸಿಗುವ ಸೀಟಲ್ಲ. ಕೆಲವು ಮಕ್ಕಳಿಗೆ ಬೆನ್ನು ನಿಲ್ಲುವುದಿಲ್ಲ, ಕತ್ತು ಒಂದು ಕಡೆಗೆ ವಾಲುತ್ತದೆ, ಕೂರಿಸಿದರೆ ಹಿಟ್ಟಿನ ಮುದ್ದೆಯ ಹಾಗೆ ಕುಸಿಯುತ್ತಾರೆ. ಅಂಥ ಒಂದೊಂದು ಮಗುವಿಗೂ ಅದರದೇ ಮೈಗೆ ಒಪ್ಪುವ ಸೀಟು ಬೇಕು. ಮರದ ಬೆನ್ನುಹಲಗೆ, ಮೇಲೆ ಸ್ಪಂಜು, ಅದರ ಮೇಲೆ ಬಟ್ಟೆಯ ಕವರು, ಎದೆಗೊಂದು ಪಟ್ಟಿ, ಸೊಂಟಕ್ಕೊಂದು ಪಟ್ಟಿ. ಸೈಕಲ್ ಅಂಗಡಿಯ ಮಹಡಿಯ ಮೇಲೆ ನಮ್ಮದೊಂದು ಉದ್ದನೆಯ ಕೋಣೆ. ಎರಡು ಕಿಟಕಿ, ಎರಡು ಮಷಿನ್ನು, ಹನ್ನೆರಡು ಅಡಿಯ ಮೇಜು. ಅಳತೆಯಮ್ಮ ಕಾಗದದ ಮೇಲೆ ಮಾದರಿ ಬರೆದು ಕತ್ತರಿಸುತ್ತಾಳೆ, ನಾನು ಕೈಹೊಲಿಗೆ ಹಾಕುತ್ತೇನೆ.

ಮೊದಲೆಲ್ಲ ಆಸ್ಪತ್ರೆಯಿಂದ ವ್ಯಾಯಾಮದ ಡಾಕ್ಟರಮ್ಮ ಅಳತೆ ಬರೆದು ಕಳಿಸುತ್ತಿದ್ದರು. ಬಡಗಿ ತನ್ನ ಶೆಡ್ಡಿನಿಂದ ಬಂದು ಅದೇ ಮೇಜಿನ ಮುಂದೆ ನಿಂತು ಇವಳ ಜೊತೆ ಜಗಳ ಕಾಯುತ್ತಿದ್ದ. ಮಗುವನ್ನು ಕರೆಸಿ, ಕೂರಿಸಿ ನೋಡಿ, ಬಿಚ್ಚಿ, ಮತ್ತೆ ಹೊಲಿದು, ಒಂದು ಸೀಟಿಗೆ ನಲವತ್ತು ದಿನ ಹಿಡಿಯುತ್ತಿತ್ತು. ಹೋದ ವರ್ಷ ಡಾಕ್ಟರಮ್ಮ ಬೋರ್ಡು ತಂದರು. ಬೋರ್ಡು ಅಂದರೆ ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಒಂದು ದೊಡ್ಡ ಬಿಳಿ ಹಾಳೆ. ಅದು ನಮ್ಮ ಕಂಪ್ಯೂಟರಿನೊಳಗೆ ಇಲ್ಲವಂತೆ, ಇಂಟರ್ನೆಟ್ಟಿನಲ್ಲಿ ಇದೆಯಂತೆ. ಆದ್ದರಿಂದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಶೆಡ್ಡಿನಲ್ಲಿ ಬಡಗಿ, ಮೇಜಿನ ಮುಂದೆ ನಾವು, ಮನೆಯಲ್ಲಿ ಮಗುವಿನ ತಾಯಿ, ನಾಲ್ಕೂ ಕಡೆ ಒಂದೇ ಚಿತ್ರ ತೆರೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ. ಡಾಕ್ಟರಮ್ಮನದು ಹಸಿರು, ಬಡಗಿಯದು ಕಂದು, ನಮ್ಮದು ನೀಲಿ, ಮಗುವಿನ ಮನೆಯದು ಕೆಂಪು. ಹೇಳಬೇಕಾದ್ದನ್ನು ಹಳದಿ ಚೀಟಿಯಲ್ಲಿ ಬರೆದು ಚಿತ್ರದ ಮೇಲೆ ಅಂಟಿಸಬಹುದು. ಯಾರು ಗೆರೆ ಎಳೆದರೂ ಎಲ್ಲರಿಗೂ ಆ ಕ್ಷಣವೇ ಕಾಣುತ್ತದೆ.

ಅದರಿಂದ ಕೆಲಸ ಹಗುರಾಯಿತು, ಸುಳ್ಳು ಹೇಳಬಾರದು. ನಲವತ್ತು ದಿನದ ಸೀಟು ಹದಿನೆಂಟು ದಿನಕ್ಕೆ ಬಂತು. 'ಇವನಿಗೆ ಎಡಗೈ ಮೇಲೆ ಎತ್ತಲು ಆಗುವುದಿಲ್ಲ' ಎಂದು ಒಬ್ಬ ತಾಯಿ ಮನೆಯಲ್ಲೇ ಕೂತು ಬರೆದದ್ದರಿಂದ ಒಂದು ಪಟ್ಟಿಯ ಬಕಲು ಬಲಗಡೆಗೆ ಬಂತು. ಹಿಂದಾದರೆ ಅದು ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಅಳತೆಯಮ್ಮ ಹೆದರಿಹೋದಳು. ಬೋರ್ಡು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತಿದ್ದಳು. ತಗುಲೀತು ಎಂದು ಬಳೆ ತೆಗೆದಿಡುತ್ತಿದ್ದಳು. ಬೆರಳು ಇಡುವಾಗ ಉಸಿರು ಹಿಡಿಯುತ್ತಿದ್ದಳು, ತೆಗೆದ ಮೇಲೆ ಬಿಡುತ್ತಿದ್ದಳು.

"ಇಲ್ಲಿ ಮುಟ್ಟಿದ್ರೆ ಅಲ್ಲಿ ಅಲುಗಾಡುತ್ತೆ ಅತ್ತಿಗೆ. ಇದೇನು ಕೆಲಸಾನಾ, ಮಾಟಾನಾ?"

ಬಡಗಿಗೆ ಅದು ಗೊತ್ತಿತ್ತು. ಅವನ ನಾಲಿಗೆ ಅವನ ಉಳಿಗಿಂತ ಚೂಪು. ಫೋನು ಮಾಡಿ, "ಏನಕ್ಕ, ನಿಮ್ಮ ನೀಲಿ ಬಾಣ ಬೆಳಗ್ಗೆಯಿಂದ ಒಂದೇ ಕಡೆ ನಿಂತಿದೆ. ಬೇರು ಬಿಡ್ತೋ ಹೇಗೆ? ನೀರು ಹಾಕ್ಲಾ?" ಎನ್ನುತ್ತಿದ್ದ.

"ನಿನ್ನ ಬಾಯಿಗೆ ಒಂದು ರಂದ ಹಾಕು ಮೊದಲು" ಎಂದು ಇವಳು ಫೋನಿಡುತ್ತಿದ್ದಳು. ಹೇಳುವುದು ಏನೇ ಇದ್ದರೂ ಫೋನಿನಲ್ಲೇ. ಒಂದು ವರ್ಷದಲ್ಲಿ ಅವಳು ಬೋರ್ಡಿನ ಮೇಲೆ ಒಂದೇ ಒಂದು ಚೀಟಿ ಬರೆದವಳಲ್ಲ. "ಬರೆದದ್ದು ಎಲ್ರಿಗೂ ಕಾಣುತ್ತೆ. ತಪ್ಪಾದ್ರೆ ನಾಲ್ಕು ಮನೆಗೆ ತಪ್ಪು" ಎನ್ನುತ್ತಿದ್ದಳು.

ಗುಬ್ಬಿಯ ಸೀಟು ಬಂದದ್ದು ಆಗ. ಆ ಮಗುವಿನ ಹೆಸರು ಬೇರೆ. ಮನೆಯಲ್ಲಿ ಗುಬ್ಬಿ ಎನ್ನುತ್ತಾರೆ, ನಾವೂ ಹಾಗೇ ಎಂದೆವು. ಆರು ವರ್ಷದ ಹುಡುಗಿ, ಕಾಲು ಆಡುವುದಿಲ್ಲ, ಬೆನ್ನು ನಿಲ್ಲುವುದಿಲ್ಲ. ಕೈ ಮತ್ತು ಬಾಯಿ ಎರಡೂ ಜೋರು. ಅಳತೆಗೆ ಹೋದ ದಿನ ಅಳತೆಯಮ್ಮನ ಟೇಪನ್ನು ಕಿತ್ತುಕೊಂಡು, "ಅಜ್ಜಿ, ನಿನ್ನ ಮೂಗು ಎಷ್ಟು?" ಎಂದು ಕೇಳಿ ಅಳೆದು, "ಏಳು" ಎಂದು ತೀರ್ಪು ಕೊಟ್ಟಿತು. ಕೂತಾಗ ಸೀಟಿನಿಂದ ಗುಬ್ಬಿಯ ಗಂಟಲ ಗುಳಿಗೆ ಮೂವತ್ತೆರಡು ಸೆಂಟಿಮೀಟರ್. ಎದೆಪಟ್ಟಿ ತೂರಿಸುವ ಕಿಂಡಿಯ ನಡು ಇಪ್ಪತ್ತನಾಲ್ಕರಲ್ಲಿ ಇರಬೇಕು. ಪಟ್ಟಿಯ ಅಗಲ ನಾಲ್ಕು. ಆಗ ಪಟ್ಟಿಯ ಮೇಲಂಚಿಗೂ ಗಂಟಲಿಗೂ ನಡುವೆ ಆರು ಸೆಂಟಿಮೀಟರ್ ಉಳಿಯುತ್ತದೆ. ಅದಕ್ಕಿಂತ ಕಡಿಮೆ ಆಗಲೇಬಾರದು ಎಂದು ಡಾಕ್ಟರಮ್ಮ ಬೋರ್ಡಿನ ಮೇಲೆ ಬರೆದಿದ್ದರು. ಮಗು ಜಾರಿದರೆ ಪಟ್ಟಿ ಗಂಟಲಿಗೆ ಬರುತ್ತದೆ. ಜಾರಿದ ಮಗು ತಾನಾಗಿ ಮೇಲೆ ಸರಿದುಕೊಳ್ಳಲಾರದು. ಅದು ನಮಗೆಲ್ಲ ಗೊತ್ತಿದ್ದ ಮಾತು.

ಶುಕ್ರವಾರ ಬೆಳಗ್ಗೆ ಹತ್ತಕ್ಕೆ ಡಾಕ್ಟರಮ್ಮ ಎಲ್ಲ ಅಳತೆಯನ್ನೂ ನೋಡಿ ಹಸಿರು ಟಿಕ್ಕು ಹಾಕಿದರು. ಟಿಕ್ಕು ಬಿದ್ದರೆ ಬಡಗಿ ಮರ ಕತ್ತರಿಸಬಹುದು, ನಾವು ಬಟ್ಟೆ ಕತ್ತರಿಸಬಹುದು ಎಂದು ಲೆಕ್ಕ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಳತೆಯಮ್ಮ ಕೈ ತೊಳೆದು, ಬಳೆ ತೆಗೆದಿಟ್ಟು, ಬೋರ್ಡು ತೆರೆದಳು. ದರ್ಜಿಯ ಕೈ ಮಾಡುವ ಮೊದಲ ಕೆಲಸ ಮಾರ್ಜಿನ್ ಬಿಡುವುದು. ಹೊಲಿಗೆಯೊಳಗೆ ಮಡಿಚಿಕೊಂಡು ಹೋಗುವ ಬಟ್ಟೆಗೆಂದು ಸುತ್ತಲೂ ಎರಡು ಸೆಂಟಿಮೀಟರ್ ಹೊರಗೆ ಇನ್ನೊಂದು ಗೆರೆ. ನಲವತ್ತು ವರ್ಷ ಅವಳು ಕಾಗದದ ಮೇಲೆ ಮಾಡಿದ್ದೇ ಅದು. ಕಾಗದದ ಮೇಲೆ ಇಪ್ಪತ್ತನಾಲ್ಕು ಎಂದು ಬರೆದರೆ, ಆಮೇಲೆ ಸುತ್ತ ಎಷ್ಟು ಗೆರೆ ಎಳೆದರೂ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕಾಗಿಯೇ ಇರುತ್ತದೆ. ಬೋರ್ಡಿನ ಮೇಲೆ ಹೊಸ ಗೆರೆ ಎಳೆಯುವುದು ಹೇಗೆ ಎಂದು ಅವಳಿಗೆ ಸರಿಯಾಗಿ ತಿಳಿಯದು. ಇರುವ ಗೆರೆಯನ್ನು ಹಿಡಿದು ಸರಿಸುವುದು ತಿಳಿದಿತ್ತು. ಕೆಳಗಿನದನ್ನು ಎರಡು ಕೆಳಗೆ, ಪಕ್ಕದ್ದನ್ನು ಆ ಕಡೆ ಎರಡು, ಈ ಕಡೆ ಎರಡು, ಮೇಲಿನದನ್ನು ಎರಡು ಮೇಲೆ ಸರಿಸಿದಳು. ಉಸಿರು ಬಿಟ್ಟಳು, ಮುಚ್ಚಿದಳು.

ಬೋರ್ಡಿನ ಮೇಲೆ ಅಂಕಿ ಬರೆದದ್ದಲ್ಲ. ಗೆರೆಯಿಂದ ಗೆರೆಗೆ ಅದೇ ಅಳೆದುಕೊಂಡು ತೋರಿಸುವುದು. ಕೆಳಗಿನ ಗೆರೆ ಎರಡು ಇಳಿದದ್ದರಿಂದ ಕಿಂಡಿಯ ಇಪ್ಪತ್ತನಾಲ್ಕು ತಾನಾಗಿಯೇ ಇಪ್ಪತ್ತಾರಕ್ಕೆ ತಿರುಗಿತು. ಸೀಟಿನ ಅಗಲ ಇಪ್ಪತ್ಮೂರು ಇದ್ದದ್ದು ಇಪ್ಪತ್ತೇಳಾಯಿತು. ಡಾಕ್ಟರಮ್ಮನ ಹಸಿರು ಟಿಕ್ಕು ಮಾತ್ರ ಇದ್ದಲ್ಲೇ ಇತ್ತು. ಮೂರು ಗಂಟೆಗೆ ಬಡಗಿ ತೆರೆದ, ಟಿಕ್ಕು ನೋಡಿದ, ಅಂಕಿ ನೋಡಿದ, ಮರ ಕೊಯ್ದ.

ಇದು ಯಾವುದೂ ಶುಕ್ರವಾರ ನಮಗೆ ತಿಳಿಯಲಿಲ್ಲ. ಬೋರ್ಡು ಬಂದ ಮೇಲೆ ಇನ್ನೊಂದು ಹೊಸ ಪದ್ಧತಿ ಶುರುವಾಗಿತ್ತು. ಕವರು ಹೊಲಿದು ಮುಗಿಯುವ ತನಕ ಕಾಯದೆ, ತೆಳ್ಳನೆಯ ಹಾಸು ಹಾಕಿ ಬರೀ ಮರದ ಸೀಟನ್ನು ಪಟ್ಟಿಯೊಂದಿಗೆ ಮನೆಗೆ ಕಳಿಸುವುದು, ಮಗು ಒಗ್ಗಿಕೊಳ್ಳಲಿ ಎಂದು. ಶನಿವಾರ ಸಂಜೆ ಗುಬ್ಬಿಯ ಸೀಟು ಅವಳ ಮನೆಗೆ ಹೋಯಿತು.

ಸೋಮವಾರ ಬೆಳಗ್ಗೆ ಅಳತೆಯಮ್ಮ ಬೋರ್ಡು ತೆರೆದವಳೇ ನನ್ನನ್ನು ಕರೆದಳು. ಚಿತ್ರದಲ್ಲಿ ಎದೆಪಟ್ಟಿಯ ಹತ್ತಿರ ಒಂದು ಕೆಂಪು ಚುಕ್ಕೆ. ಪಕ್ಕದಲ್ಲಿ ಒಂದಕ್ಷರವೂ ಇಲ್ಲ. ಅದು ನಮ್ಮ ನೀಲಿಯಲ್ಲ ಎನ್ನುವುದು ಆ ಗಳಿಗೆ ಇಬ್ಬರಿಗೂ ಹೊಳೆಯಲಿಲ್ಲ.

"ನಾನೇನೋ ಒತ್ತಿಬಿಟ್ಟೆ ಅನ್ಸುತ್ತೆ ಅತ್ತಿಗೆ. ಶುಕ್ರವಾರ ಇದು ಇರ್ಲಿಲ್ಲ" ಎಂದು ಪಿಸುಗುಟ್ಟಿದಳು.

"ಅಳಿಸು."

"ಅಳಿಸೋಕೆ ಹೋಗಿ ಇನ್ನೇನಾದ್ರೂ ಹೋದ್ರೆ? ಬೇಡ. ಸುಮ್ನಿರು, ಯಾರಿಗೂ ಹೇಳ್ಬೇಡ."

ಅವಳು ಕವರಿನ ಮಾದರಿಯನ್ನು ಪ್ರಿಂಟು ಹಾಕಿದಳು. ಆರು ಹಾಳೆಗಳನ್ನು ಅಂಟಿಸಿ ಮೇಜಿನ ಮೇಲೆ ಹರಡಿದಳು. ನಾನು ಹೊಲಿಗೆ ಹಾಕುವ ಮುಂಚೆ, ಮಗುವಿನ ಅಳತೆ ತೆಗೆದ ದಿನ ಬರೆದಿಟ್ಟ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಅಂಕಿ ನೋಡುತ್ತೇನೆ.

"ಕಿಂಡಿ ಇಪ್ಪತ್ತಾರು" ಎಂದೆ.

"ಇಪ್ಪತ್ತನಾಲ್ಕು."

"ಪುಸ್ತಕದಲ್ಲಿ ಇಪ್ಪತ್ತನಾಲ್ಕು ಕಣೇ. ಹಾಳೆಯಲ್ಲಿ ಇಪ್ಪತ್ತಾರು ಇದೆ."

"ಕನ್ನಡಕ ಒರೆಸ್ಕೋ."

ಒರೆಸಿಕೊಂಡೆ. ಇಪ್ಪತ್ತಾರೇ. ಟೇಪು ಹಿಡಿದೆ, ಇಪ್ಪತ್ತಾರೇ. ಅಗಲ ಇಪ್ಪತ್ತೇಳು. ಅವಳು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. ಟೇಪನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಹಿಡಿದು ನೋಡಿದಳು.

"ನಾನು ಮಾರ್ಜಿನ್ ಬಿಟ್ಟೆ" ಎಂದಳು. "ಅತ್ತಿಗೆ, ನಾನು ಬಟ್ಟೆಗೆ ಅಂತ ಗೆರೆ ಸರಿಸಿದೆ. ಮರಕ್ಕೂ ಅದೇ ಗೆರೆ."

ಲೆಕ್ಕ ಇಬ್ಬರಿಗೂ ಬರುತ್ತದೆ. ಪಟ್ಟಿ ಎರಡು ಸೆಂಟಿಮೀಟರ್ ಮೇಲೆ, ಅದರ ಮೇಲಂಚು ಇಪ್ಪತ್ತೆಂಟಕ್ಕೆ. ಆರು ಉಳಿಯಬೇಕಾದಲ್ಲಿ ನಾಲ್ಕು. ಸೀಟು ನಾಲ್ಕು ಸೆಂಟಿಮೀಟರ್ ಹೆಚ್ಚು ಅಗಲ, ಪಕ್ಕಗಳಲ್ಲಿ ಹಿಡಿತವಿಲ್ಲ, ಮಗು ಜಾರುತ್ತದೆ. ನಾಲ್ಕು ಜಾರಿದರೆ ಸಾಕು.

ಶನಿವಾರ ಸಂಜೆಯಿಂದ ಮಗು ಅದರಲ್ಲಿ ಕೂತಿದೆ.

ಅಳತೆಯಮ್ಮ ಬೋರ್ಡಿನ ಹತ್ತಿರ ಹೋದಳು. ಕೈ ತೊಳೆಯಲಿಲ್ಲ. ಕೆಳಗಿನ ಗೆರೆಯ ಮೇಲೆ ಬೆರಳಿಟ್ಟು ಮೇಲಕ್ಕೆ ತಳ್ಳಿದಳು. ಅಂಕಿ ಇಪ್ಪತ್ತೈದಾಯಿತು, ಇಪ್ಪತ್ತನಾಲ್ಕಾಯಿತು. ಪಕ್ಕದ ಗೆರೆಗಳನ್ನೂ ಒಳಕ್ಕೆ ತಳ್ಳಿದರೆ ಅಲ್ಲಿಗೆ ಚಿತ್ರ ಸರಿ. ಆಮೇಲೆ ಯಾರು ತೆರೆದು ನೋಡಿದರೂ ಬೋರ್ಡು ಸರಿಯಾಗಿದೆ, ಮರ ತಪ್ಪಾಗಿದೆ, ಬಡಗಿಯ ಕೈ ತಪ್ಪಿದೆ. ಅವಳು ನನ್ನ ಮುಖ ನೋಡಿದಳು. ನಾನು ಬೇಡ ಎನ್ನಲಿಲ್ಲ. ಈ ಕೆಲಸ ಹೋದರೆ ನಮ್ಮಿಬ್ಬರಿಗೂ ಬೇರೆ ದಿಕ್ಕಿಲ್ಲ. ನನಗೂ ಹೆದರಿಕೆಯೇ ಇತ್ತು. ಒಂದು ನಿಮಿಷ ಹಾಗೆ ನಿಂತಿದ್ದಳೋ ಏನೋ. ಆಮೇಲೆ ಗೆರೆಯನ್ನು ಎಳೆದು ಮತ್ತೆ ಇಪ್ಪತ್ತಾರಕ್ಕೇ ತಂದಳು.

"ಫೋನು ಕೊಡು" ಎಂದಳು.

ಮಗುವಿನ ತಾಯಿಗೆ ಮಾಡಿದಳು. ಎರಡು ಸಲ ಬಾರಿಸಿತು, ಕಟ್ಟಾಯಿತು. ಮತ್ತೆ ಮಾಡಿದಳು. ಒಂದೇ ಸಲ ಬಾರಿಸಿತು, ಕಟ್ಟಾಯಿತು.

"ಯಾರೋ ಕತ್ತರಿಸ್ತಿದಾರೆ ಅತ್ತಿಗೆ. ಯಾಕೆ ಕತ್ತರಿಸ್ತಾರೆ? ಆಸ್ಪತ್ರೇಲಿ ಇದ್ರೆ ತಾನೇ ಹಾಗೆ ಕತ್ತರಿಸೋದು?"

ಡಾಕ್ಟರಮ್ಮ ಹನ್ನೊಂದರ ತನಕ ಮಕ್ಕಳಿಗೆ ವ್ಯಾಯಾಮ ಮಾಡಿಸುವ ಹೊತ್ತು, ಫೋನು ಕಪಾಟಿನಲ್ಲಿ. ಬಡಗಿ ಎತ್ತಿದ. ಎಲ್ಲಿಯೋ ಬಾಗಿಲು ಕೂರಿಸುತ್ತಿದ್ದ, ಸುತ್ತಿಗೆ ಸದ್ದು ಕೇಳುತ್ತಿತ್ತು.

"ಏನಕ್ಕ, ಬಾಣ ಚಿಗುರ್ತಾ?"

"ಗುಬ್ಬಿ ಸೀಟಿಗೆ ಕಿಂಡಿ ಎಷ್ಟಕ್ಕೆ ಹಾಕ್ದೆ?"

"ಬೋರ್ಡು ಹೇಳಿದಷ್ಟಕ್ಕೆ. ಇಪ್ಪತ್ತಾರು."

"ಇಪ್ಪತ್ತನಾಲ್ಕು ಇರ್ಬೇಕಿತ್ತು. ನಾನು ಮಾರ್ಜಿನ್‌ಗೆ ಅಂತ ಗೆರೆ ಸರಿಸಿದ್ದೆ."

ಸುತ್ತಿಗೆ ನಿಂತಿತು. ಅವನು ತಮಾಷೆ ಮಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದದ್ದು.

"ಹೋಗಿ ಅಕ್ಕ. ಈಗ್ಲೇ ಹೋಗಿ. ನಾನು ಊರಿನ ಆ ತುದಿಲಿದೀನಿ, ನನಗಿಂತ ನೀವೇ ಹತ್ತಿರ. ನಾನೂ ಹೊರಟೆ."

ಬಸ್ಸಿನಲ್ಲಿ ಅವಳು ಕಂಬ ಹಿಡಿದು ನಿಂತೇ ಇದ್ದಳು. ಸೀಟು ಖಾಲಿ ಇತ್ತು, ಕೂರಲಿಲ್ಲ. ಪ್ರತಿ ನಿಲ್ದಾಣದಲ್ಲೂ ಫೋನು ಮಾಡಿದಳು. ಪ್ರತಿ ಸಲವೂ ಕಟ್ಟಾಯಿತು. ಏಳು ನಿಲ್ದಾಣ. ಆರನೆಯದರಲ್ಲಿ ಒಬ್ಬಾಕೆ ಚಕ್ರದ ಚೀಲವನ್ನು ಮೆಟ್ಟಿಲ ಮೇಲೆ ಸಿಕ್ಕಿಸಿಕೊಂಡು ಬಸ್ಸು ನಿಲ್ಲಿಸಿದಳು. ಇಳಿಸಲು ಅಳತೆಯಮ್ಮನೇ ಎತ್ತಿಕೊಟ್ಟಳು, ಕೊಡುವಾಗ ಬಾಯೊಳಗೆ ಏನೋ ಗೊಣಗುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ. "ಮೂವತ್ತೆರಡು, ಇಪ್ಪತ್ತೆಂಟು, ನಾಲ್ಕು. ಮೂವತ್ತೆರಡು, ಇಪ್ಪತ್ತೆಂಟು, ನಾಲ್ಕು." ಎಷ್ಟು ಸಲ ಕಳೆದರೂ ನಾಲ್ಕೇ ಬರುತ್ತಿತ್ತು.

ಇಳಿದ ಮೇಲೆ ಒಂದು ಉದ್ದನೆಯ ಬೀದಿ, ಕೊನೆಗೆ ನಾಲ್ಕು ಮಹಡಿಯ ಕಟ್ಟಡ. ಗುಬ್ಬಿಯ ಮನೆ ಮೂರನೆಯದರಲ್ಲಿ. ನನ್ನ ಮಂಡಿ ಒಂದೊಂದು ಮೆಟ್ಟಿಲಿಗೂ ಕೂಗುತ್ತಿತ್ತು. ಅವಳು ಎರಡೆರಡು ಮೆಟ್ಟಿಲು ಹತ್ತಿದಳು. ಮೇಲಿನಿಂದ ಯಾವ ಸದ್ದೂ ಇರಲಿಲ್ಲ. ಅಳುವೂ ಇಲ್ಲ, ಮಾತೂ ಇಲ್ಲ. ಆ ಮಗು ಇರುವ ಮನೆ ಅಷ್ಟು ಸುಮ್ಮನಿರುವುದಿಲ್ಲ.

ಬಾಗಿಲು ಒರಗಿಸಿತ್ತು. ತಳ್ಳಿದೆವು. ಮುಂದಿನ ಕೋಣೆಯಲ್ಲಿ ತಾಯಿ ನಮಗೆ ಬೆನ್ನು ಹಾಕಿ ಇಸ್ತ್ರಿ ಮಾಡುತ್ತಿದ್ದಳು. ಬೇರೆಯವರ ಬಟ್ಟೆಗೆ ಇಸ್ತ್ರಿ ಹಾಕುವುದೇ ಅವಳ ಕೆಲಸ. ಪಕ್ಕದಲ್ಲಿ ಅಂಗಿಗಳ ಗುಡ್ಡೆ. ಕಿಟಕಿಯ ಹತ್ತಿರ ಸೀಟು. ಸೀಟಿನಲ್ಲಿ ಗುಬ್ಬಿ ಕೆಳಕ್ಕೆ ಜಾರಿ, ಒಂದು ಪಕ್ಕಕ್ಕೆ ವಾಲಿ, ಗಲ್ಲವನ್ನು ಪಟ್ಟಿಯ ಮೇಲೆ ಊರಿಕೊಂಡಿತ್ತು. ಪಟ್ಟಿ ಗಲ್ಲದ ಕೆಳಗೆ ಮರೆಯಾಗಿತ್ತು. ಕಣ್ಣು ಅರ್ಧ ಮುಚ್ಚಿತ್ತು.

ಅಳತೆಯಮ್ಮ ಓಡಿ ಮಂಡಿಯೂರಿ ಬಕಲಿಗೆ ಕೈ ಹಾಕಿದಳು. ಪಟ್ಟಿ ಬಿಗಿದಿತ್ತು, ಬಕಲು ಬಿಚ್ಚಲಿಲ್ಲ. ನಾನು ಮಗುವಿನ ಕಂಕುಳಿಗೆ ಕೈ ಹಾಕಿ ಮೇಲೆತ್ತಿದೆ, ಆಗ ಬಿಚ್ಚಿತು. ಗಂಟಲಿನ ಅಡ್ಡಕ್ಕೆ ಬೆರಳಗಲದ ಕೆಂಪು ಬರೆ. ಮಗು ದೊಡ್ಡದಾಗಿ ಉಸಿರೆಳೆದು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಸಿಟ್ಟಿನಿಂದ, ಒಡೆದ ದನಿಯಲ್ಲಿ, "ನನ್ನ ಚಿತ್ರ ನಿಂತೋಯ್ತು!" ಎಂದಿತು. ಅದರ ಮಡಿಲಲ್ಲಿ ತಾಯಿಯ ಫೋನು. ಬೆಳಗ್ಗೆಯಿಂದ ಬೊಂಬೆಯ ಚಿತ್ರ ನೋಡುತ್ತಾ, ನಮ್ಮ ಕರೆ ಬಂದಾಗಲೆಲ್ಲ ಕೆಂಪು ಗುಂಡಿ ಒತ್ತಿ ಕತ್ತರಿಸುತ್ತಿದ್ದದ್ದು ಗುಬ್ಬಿಯೇ.

ಅಳತೆಯಮ್ಮ ನೆಲದ ಮೇಲೆ ಕೂತಳು.

ತಾಯಿ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಹಿಡಿದುಕೊಂಡೇ ನಿಂತಿದ್ದಳು. "ಏನಾಯ್ತು? ಯಾಕೆ ಹೀಗೆ ನುಗ್ಗಿದ್ರಿ?"

"ಸೀಟು ತಪ್ಪಾಗಿದೆ ಕಣಮ್ಮ. ಪಟ್ಟಿ ಮೇಲೆ ಬಂದಿದೆ. ಮರದವನ ತಪ್ಪಲ್ಲ. ಗೆರೆ ಸರಿಸಿದ್ದು ನಾನು."

ತಾಯಿ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟಳು, ಮಗುವನ್ನು ಎತ್ತಿಕೊಂಡಳು, ಬರೆಯನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ಎರಡೂ ಕಡೆ ದಿಂಬು ತುರುಕಿದ್ದೆ" ಎಂದಳು. "ಇವತ್ತು ಒದ್ದೆ ಮಾಡಿದ್ಲು ಅಂತ ಒಗೆದು ಹಾಕಿದೀನಿ. ಶನಿವಾರದಿಂದ ಜಾರ್ತಾನೇ ಇದಾಳೆ. ನೆಟ್ಟಗೆ ಕೂತ್ಕೋ, ನೆಟ್ಟಗೆ ಕೂತ್ಕೋ ಅಂತ ಎರಡು ದಿನ ಬೈದೆ ಅಮ್ಮ. ನಿನ್ನೆ ಒಂದೇಟು ಹೊಡೆದೆ. ಅಷ್ಟು ಜನ ಓದಿದೋರು ಸೇರಿ ಮಾಡಿದ ಸೀಟು, ಇವಳೇ ಹಠ ಮಾಡ್ತಿದಾಳೆ ಅಂದ್ಕೊಂಡೆ."

"ಹೇಳ್ಬೇಕಿತ್ತಲ್ಲಮ್ಮ" ಎಂದೆ ನಾನು.

"ಹೇಳ್ದೆನಲ್ಲ. ನಿನ್ನೆ ಬೋರ್ಡಿನ ಮೇಲೆ ಚುಕ್ಕೆ ಇಟ್ಟೆ. ಪಟ್ಟಿ ಹತ್ತಿರ. ಬರೆಯೋಕೆ ಹೆದರಿಕೆ ಆಯ್ತು. ತಪ್ಪು ತಪ್ಪಾಗಿ ಬರೆದ್ರೆ ಡಾಕ್ಟರಮ್ಮ ಏನಂದ್ಕೋತಾರೋ ಅಂತ. ಯಾರಾದ್ರೂ ನೋಡಿ ಕೇಳ್ತಾರೆ ಅಂದ್ಕೊಂಡೆ."

ಅಳತೆಯಮ್ಮ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ನಾನು ನೋಡ್ದೆ" ಎಂದಳು, ಕೈಯ ಒಳಗಿಂದಲೇ. "ಬೆಳಗ್ಗೆ ನೋಡ್ದೆ. ಮುಟ್ಟೋಕೆ ಹೆದರ್ಕೊಂಡೆ."

ಮುಖ ಒರೆಸಿಕೊಂಡು, ಆ ಫೋನಿನಲ್ಲಿ ಬೋರ್ಡು ತೆರೆದುಕೊಡು ಎಂದು ತಾಯಿಯನ್ನು ಕೇಳಿದಳು. ಹಳದಿ ಚೀಟಿ ಎಳೆದಳು. ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಒತ್ತಿದಳು. ನಾನು ಪಕ್ಕದಲ್ಲಿ ಕೂತು ಓದಿದೆ. 'ಈ ಸೀಟಿನಲ್ಲಿ ಮಗುವನ್ನು ಕೂರಿಸಬೇಡಿ. ಶುಕ್ರವಾರ ಹನ್ನೆರಡಕ್ಕೆ ಹೊಲಿಗೆಗೆ ಎಂದು ನಾನು ಗೆರೆ ಸರಿಸಿದೆ. ಮರದ್ದು ತಪ್ಪಲ್ಲ. ಮಗುವಿನ ಕತ್ತಿಗೆ ಬರೆ ಬಂದಿದೆ. ಅಳತೆಯಮ್ಮ.' ಕಳಿಸುವ ಗುಂಡಿಯ ಮೇಲೆ ಬೆರಳು ನಿಂತಿತು. "ಅತ್ತಿಗೆ, ನನ್ನ ಎದೆ ಮುಟ್ಟಿ ನೋಡು" ಎಂದಳು. ಮುಟ್ಟಿದೆ. ಮಷಿನ್ನಿನ ಸೂಜಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಒತ್ತಿದಳು.

ಏನೂ ಆಗಲಿಲ್ಲ. ಚೀಟಿ ಚಿತ್ರದ ಮೇಲೆ ಸುಮ್ಮನೆ ಅಂಟಿಕೊಂಡಿತ್ತು. ಆಮೇಲೆ ಕಂದು ಬಾಣ ಬಂತು. ಬಸ್ಸಿನಲ್ಲೋ ಎಲ್ಲೋ ಇದ್ದ ಬಡಗಿ. ಚೀಟಿಯ ಹತ್ತಿರ ಬಂದು ನಿಂತಿತು. ಹನ್ನೊಂದು ಹೊಡೆದು ಹತ್ತು ನಿಮಿಷಕ್ಕೆ ಹಸಿರು ಬಾಣ ಬಂತು, ಅದೂ ನಿಂತಿತು. ಎರಡು ಬಾಣ, ನಡುವೆ ಇವಳ ಚೀಟಿ. "ನೋಡ್ತಿದಾರೆ" ಎಂದು ಅಳತೆಯಮ್ಮ ಫೋನನ್ನು ತನ್ನಿಂದ ದೂರ ಸರಿಸಿದಳು, ಅದರೊಳಗಿಂದ ಅವರು ಇವಳನ್ನೂ ನೋಡುತ್ತಿರುವ ಹಾಗೆ.

ಫೋನು ಹೊಡೆಯಿತು. ಡಾಕ್ಟರಮ್ಮ. ಅವರ ದನಿ ಎಲ್ಲರಿಗೂ ಕೇಳುವಷ್ಟಿತ್ತು.

"ಉಸಿರು ಹೇಗಿದೆ? ನೀರು ನುಂಗ್ತಾಳಾ? ಕುಡಿಸಿ ನೋಡಿ, ನಾನು ಕೇಳಿಸ್ಕೋತೀನಿ."

ಕುಡಿಸಿದೆವು. ನುಂಗಿತು. ಇನ್ನೂ ಬೇಕು ಎಂದಿತು.

"ಈಗ್ಲೇ ಆಸ್ಪತ್ರೆಗೆ ಕರ್ಕೊಂಡ್ಬನ್ನಿ. ಅಳತೆಯಮ್ಮ, ನೀವೂ ಬನ್ನಿ."

"ನಾನು ಯಾಕೆ ತಾಯಿ?"

"ಬನ್ನಿ ಅಂದ್ನಲ್ಲ."

ಆಸ್ಪತ್ರೆಯಲ್ಲಿ ಗಂಟಲು ನೋಡಿ, ಒಳಗೆ ಏನೂ ಆಗಿಲ್ಲ, ಬರೆ ನಾಲ್ಕು ದಿನದಲ್ಲಿ ಹೋಗುತ್ತದೆ ಎಂದರು. ಬಡಗಿ ಅಲ್ಲಿಗೇ ಬಂದ, ಕೂದಲ ತುಂಬಾ ಮರದ ಪುಡಿ. ಅಳತೆಯಮ್ಮ ಗೋಡೆಗೆ ಒರಗಿ ನಿಂತಿದ್ದಳು. ಕೆಲಸದಿಂದ ತೆಗೆಯುವ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ.

ಡಾಕ್ಟರಮ್ಮ ಬಂದು ಬೆಂಚಿನ ಮೇಲೆ ಕೂತರು. "ಹತ್ತಕ್ಕೆ ಟಿಕ್ಕು ಹಾಕಿದ್ಮೇಲೆ ನಾನು ತಿರುಗಿ ನೋಡಲಿಲ್ಲ" ಎಂದರು. "ಯಾರು ಏನು ಸರಿಸಿದ್ರೂ ನನ್ನ ಟಿಕ್ಕು ಹಾಗೇ ನಿಂತಿತ್ತು. ಅದನ್ನ ನೋಡಿ ತಾನೇ ಇವರು ಮರ ಕೊಯ್ದದ್ದು."

"ಮಾರ್ಜಿನ್ ಅಂದ್ರೆ ಏನು ಅಂತ ನನಗೆ ಇವತ್ತೇ ಗೊತ್ತಾಗಿದ್ದು" ಎಂದ ಬಡಗಿ. "ಮರಕ್ಕೆ ಎಲ್ಲಿಯ ಮಾರ್ಜಿನ್ ಅಕ್ಕ? ಕೊಯ್ದ್ರೆ ಕೊಯ್ದಂಗೆ."

ಆವತ್ತಿನಿಂದ ಬಟ್ಟೆಯ ಗೆರೆ ನೀಲಿ, ಮರದ ಗೆರೆ ಕಪ್ಪು, ಬೇರೆ ಬೇರೆ. ಯಾರಾದರೂ ಕಪ್ಪು ಗೆರೆ ಮುಟ್ಟಿದರೆ ಟಿಕ್ಕು ತಾನಾಗಿ ಅಳಿಸಿಹೋಗುವ ಹಾಗೆ ಮಾಡಲು ಬರುತ್ತಿತ್ತಂತೆ. ಮಾಡಿರಲಿಲ್ಲ, ಈಗ ಮಾಡಿದರು. ಚುಕ್ಕೆ ಇಟ್ಟರೂ ಸಾಕು, ಯಾರು ಮೊದಲು ನೋಡುತ್ತಾರೋ ಅವರು ಫೋನು ಮಾಡಿ ಕೇಳಬೇಕು ಎಂದು ಮಕ್ಕಳ ತಾಯಂದಿರಿಗೆಲ್ಲ ಹೇಳಿದರು. ಅಳತೆಯಮ್ಮನನ್ನು ತೆಗೆಯಲಿಲ್ಲ. ಅದಕ್ಕಿಂತ ಕಷ್ಟದ್ದನ್ನು ಕೊಟ್ಟರು. ಮರ ಕೊಯ್ಯುವ ಮೊದಲು ಪುಸ್ತಕ ಹಿಡಿದು ಒಂದೊಂದು ಅಂಕಿಯನ್ನೂ ಹೋಲಿಸಿ ಕೊನೆಯ ಟಿಕ್ಕು ಅವಳೇ ಹಾಕಬೇಕು. "ತಪ್ಪು ಮಾಡಿದೋಳ ಕೈಲಿ ಯಾಕೆ?" ಎಂದಳು. "ಮುಟ್ಟೋಕೆ ಹೆದರೋರು ನಮ್ಮಲ್ಲಿ ನೀವೊಬ್ರೇ. ಅದಕ್ಕೇ" ಎಂದರು ಡಾಕ್ಟರಮ್ಮ.

ಗುಬ್ಬಿಗೆ ಹೊಸ ಸೀಟು ಹನ್ನೊಂದು ದಿನಕ್ಕೆ ಆಯಿತು. ಈ ಸಲ ಬರೀ ಮರ ಹೋಗಲಿಲ್ಲ. ಕವರು ಹಾಕಿ, ನಾವೇ ಹೊತ್ತುಕೊಂಡು ಹೋದೆವು. ಕಿಂಡಿ ಇಪ್ಪತ್ತನಾಲ್ಕು, ಅಗಲ ಇಪ್ಪತ್ಮೂರು. ಮಗುವನ್ನು ಕೂರಿಸಿದೆವು, ಪಟ್ಟಿ ಹಾಕಿದೆವು. ಬೆನ್ನು ನೆಟ್ಟಗೆ ನಿಂತಿತು. ಡಾಕ್ಟರಮ್ಮ ಬಗ್ಗಿ, ಎದ್ದು, ಪಕ್ಕದಿಂದ ನೋಡಿ, "ಸರಿಯಾಗಿದೆ" ಎಂದು ಹೊರಟರು.

"ಸರಿಯಾಗಿದೆಯಾ ಅಮ್ಮ?" ಎಂದು ತಾಯಿ ಅಳತೆಯಮ್ಮನನ್ನೇ ಕೇಳಿದಳು.

ಹೂಂ ಎನ್ನಲು ಅವಳಿಗೆ ಆಗಲಿಲ್ಲ. "ನೋಡೋಣ" ಎಂದು ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕೂತಳು. ತಾಯಿ ಮತ್ತೆ ಇಸ್ತ್ರಿ ಹಿಡಿದಳು. ಗುಬ್ಬಿ ಸ್ವಲ್ಪ ಹೊತ್ತು ಹಾಡಿತು, ಕಿಟಕಿಯ ಆಚೆಗೆ ಯಾರನ್ನೋ ಬೈದಿತು, ಕೂತಲ್ಲೇ ನಿದ್ದೆ ಹೋಯಿತು. ತಲೆ ಹಿಂದಕ್ಕೆ ಒರಗಿತ್ತು, ಪಟ್ಟಿ ಇದ್ದ ಕಡೆಯೇ ಇತ್ತು. ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಅಂಗಿಗಳ ಗುಡ್ಡೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ ಮುಗಿಯಿತು.

"ಹೋಗೋಣ ಕಣೇ, ಐದಾಯ್ತು" ಎಂದೆ.

"ನೀನು ಹೋಗು ಅತ್ತಿಗೆ. ಎದ್ದ ಮೇಲೆ ಜಾರ್ತಾಳೋ ಏನೋ. ಇನ್ನೊಂದು ಸ್ವಲ್ಪ ಹೊತ್ತು."

ಅವಳು ನನ್ನ ಕಡೆ ತಿರುಗಲಿಲ್ಲ. ನಾನೊಬ್ಬಳೇ ಬಸ್ಸು ಹತ್ತಿ ಮನೆಗೆ ಬಂದೆ.